ಮಳೆ ಬಾಟಲಿ: ರಜೆಗೆ ಮುಂಚಿನ ಲೆಕ್ಕ

ಮಾರ್ಚ್ 27

ವರ್ಷದ ಕೊನೆಯ ಪರೀಕ್ಷೆ ಹತ್ತಿರ ಬಂತು. ಅಂಕ ತುಂಬಬೇಕು, ದಾಖಲೆ ಸರಿಮಾಡಬೇಕು, ಐದನೆಯವರ ವರ್ಗಾವಣೆ ಪತ್ರ ಬರೆಯಬೇಕು. ಅದರ ನಡುವೆಯೂ, ದಿನಾ ಮಳೆ ಅಳೆದು ಬರೆಯುವ ನಮ್ಮ ಮಳೆ ಪುಸ್ತಕದಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ. ಬಿಡದೆ ಬರೆದವರು ಮಕ್ಕಳು, ನಾನಲ್ಲ.

ಹೊಸದಾಗಿ ಓದುವವರಿಗೆ ಒಂದಿಷ್ಟು ಹಿನ್ನೆಲೆ. ಪಾಂಡವಪುರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಒಂದರಿಂದ ಐದನೇ ತರಗತಿವರೆಗೆ 23 ಮಕ್ಕಳು. ನಾವಿಬ್ಬರು ಶಿಕ್ಷಕಿಯರು. ಒಂದರಿಂದ ಮೂರರವರೆಗೆ ಎಲ್ಲರೂ ನಲಿ-ಕಲಿ (ಆಡುತ್ತಾ ಕಲಿಯುವ ಪದ್ಧತಿ) ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ನಲಿ-ಕಲಿ ಶುರುವಾಗಿದ್ದು ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಆ ಕೋಣೆಯ ಗೋಡೆ ಮೇಲೆ ಹವಾಮಾನ ನಕ್ಷೆ ಇರುತ್ತದೆ. ಬಿಸಿಲೋ, ಮೋಡವೋ, ಮಳೆಯೋ ಎಂದು ಮಕ್ಕಳು ದಿನಾ ಗುರುತು ಹಾಕುತ್ತಾರೆ. ಕಳೆದ ಜೂನ್‌ನಲ್ಲಿ ಎರಡನೇ ತರಗತಿಯವಳೊಬ್ಬಳು ಮಳೆ ಚಿತ್ರದ ಮುಂದೆ ನಿಂತು ಕೇಳಿದಳು: "ಮಿಸ್, ಎಷ್ಟು ಮಳೆ?" ಅಲ್ಲಿಂದ ಶುರುವಾಯಿತು.

ಎರಡು ಲೀಟರ್ ತಂಪು ಪಾನೀಯದ ಬಾಟಲಿ ತೆಗೆದುಕೊಂಡೆವು. ಕುತ್ತಿಗೆ ಸಣ್ಣದಾಗುವ ಕಡೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿದೆವು. ತಳದಲ್ಲಿ ಉಬ್ಬುತಗ್ಗು ಇರುವುದರಿಂದ ಜಲ್ಲಿಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ಹುಯ್ದು, ಆ ಮಟ್ಟಕ್ಕೆ ಸೊನ್ನೆ ಗೆರೆ ಎಳೆದೆವು. ಬಾಯಿಯ ಅಗಲ, ಮೈಯ ಅಗಲ ಒಂದೇ ಇದ್ದರೆ ಸ್ಕೇಲಿನಲ್ಲಿ ಒಂದು ಸೆಂಟಿಮೀಟರ್ ನೀರು ಏರಿದರೆ 10 ಮಿಲಿಮೀಟರ್ ಮಳೆ ಅಂತ ಅರ್ಥ. ಅಷ್ಟೇ.

ಮೊದಲ ತಿಂಗಳ ಲೆಕ್ಕವನ್ನೆಲ್ಲ ಹೊಡೆದುಹಾಕಬೇಕಾಯಿತು. ಬಾಟಲಿಯನ್ನು ಬೇವಿನ ಮರದ ಹತ್ತಿರ ಇಟ್ಟಿದ್ದೆವು. ಮಳೆ ನಿಂತ ಮೇಲೂ ಎಲೆಯಿಂದ ಹನಿ ಬೀಳುತ್ತಿತ್ತು. ಈಗ ಧ್ವಜಸ್ತಂಭದ ಪಕ್ಕ ಬಯಲಲ್ಲಿದೆ. ಮರವೋ ಗೋಡೆಯೋ ಎಷ್ಟು ಎತ್ತರವೋ, ಅದರ ಎರಡರಷ್ಟಾದರೂ ದೂರ ಇರಬೇಕು. ಹವಾಮಾನ ಇಲಾಖೆಯವರು ಬೆಳಗ್ಗೆ 8:30ಕ್ಕೆ ಮಳೆ ಅಳೆಯುತ್ತಾರೆ. ನಾವೂ ಅದೇ ಹೊತ್ತು ಇಟ್ಟುಕೊಂಡಿದ್ದೇವೆ. ಶಾಲೆ ಎದುರು ಮನೆಯ ಐದನೇ ತರಗತಿ ಹುಡುಗಿ ಹಾಲು ಡೈರಿಗೆ ಹಾಕಿ ಬರುವಾಗ ನೋಡಿಕೊಂಡು ಬರುತ್ತಾಳೆ.

ಏಪ್ರಿಲ್ 2

ಮಾರ್ಚ್ ಪೂರ್ತಿ ಒಣಗಿತ್ತು. ಮಳೆ ಇಲ್ಲದಿದ್ದರೂ ಬಾಟಲಿ ನೋಡಬೇಕು ಎಂದು ನಾನು ಹಟ ಹಿಡಿದಿದ್ದೆ. ಅದರಿಂದ ನಾನು ಎಣಿಸದೇ ಇದ್ದ ಪಾಠವೊಂದು ಸಿಕ್ಕಿತು. ಎರಡು ದಿನ ರಜೆ ಮುಗಿಸಿ ಬಂದಾಗ ಆ ಹುಡುಗಿ ಪುಸ್ತಕದಲ್ಲಿ ಹೀಗೆ ಬರೆದಿದ್ದಳು: "ಸೊನ್ನೆಗಿಂತ 4 ಕಡಿಮೆ." ಬಿಸಿಲಿಗೆ ನೀರು ಆವಿಯಾಗಿ ಗೆರೆಗಿಂತ ಕೆಳಗೆ ಇಳಿದಿತ್ತು. ಋಣ ಸಂಖ್ಯೆ ಐದನೇ ತರಗತಿಗೆ ಇನ್ನೂ ಬರುವುದಿಲ್ಲ. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಣ್ಣಿಗೆ ಕಂಡಿದ್ದನ್ನು ಬರೆದಿದ್ದಳು. ನಾನು ಆ ಪುಟವನ್ನು ಎಲ್ಲರಿಗೂ ತೋರಿಸಿದೆ. ಈಗ ದಿನಾ ನೋಡಿದ ಮೇಲೆ ಸೊನ್ನೆ ಗೆರೆವರೆಗೆ ನೀರು ತುಂಬಿಸುತ್ತಾರೆ.

ಏಪ್ರಿಲ್ 5

ನಿನ್ನೆ ಸಂಜೆ ಗುಡುಗು, ಗಾಳಿ, ಆಮೇಲೆ ಮಳೆ. ಬೆಳಗ್ಗೆ ಬಾಟಲಿಯಲ್ಲಿ 14 ಮಿಲಿಮೀಟರ್! ಪರೀಕ್ಷೆ ಇದ್ದರೂ ಮಕ್ಕಳು ಅದರದೇ ಮಾತು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಮಾಡು 12 ಮೀಟರ್ ಉದ್ದ, 6 ಮೀಟರ್ ಅಗಲದ ಜಾಗ ಮುಚ್ಚುತ್ತದೆ. ನಾಲ್ಕು, ಐದನೆಯವರು ಗುಣಿಸಿದರು: 1008 ಲೀಟರ್. ನಂಬಿಕೆ ಬರದೆ ಮತ್ತೆ ಗುಣಿಸಿದರು. ಹೆಂಚು ಒಂದಿಷ್ಟು ಹೀರಿದರೂ, 200 ಲೀಟರಿನ ಡ್ರಮ್ಮು ನಾಲ್ಕಾದರೂ ತುಂಬುತ್ತಿತ್ತು. ಅಷ್ಟೂ ನೀರು ಅಂಗಳದಲ್ಲಿ ಹರಿದು ರಸ್ತೆಗೆ ಹೋಗಿದೆ. ಬಿಸಿಯೂಟದ ಅಕ್ಕ ಪಾತ್ರೆ ತೊಳೆಯಲು ನೀರು ಹೊರುವುದನ್ನು ಇವರು ದಿನಾ ನೋಡುತ್ತಾರೆ. ಅದಕ್ಕೇ ಇರಬೇಕು, ಲೆಕ್ಕ ಮುಗಿದ ಮೇಲೆ ಸುಮ್ಮನಾಗಿಬಿಟ್ಟರು.

ಆಮೇಲೆ ನಾಲ್ಕನೇ ತರಗತಿಯವನೊಬ್ಬ ಕೇಳಿದ: "ಹಂಗಾರೆ ಕಟ್ಟೆ ಯಾಕೆ ಏರಿಲ್ಲ ಮಿಸ್?" ಕನ್ನಂಬಾಡಿ ಕಟ್ಟೆಯ ಮಟ್ಟ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ತುಂಬಿದರೆ 124.80 ಅಡಿ. ಪುಸ್ತಕ ಪಕ್ಕಕ್ಕಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ನದಿ ಬರೆದೆ. ಕೊಡಗಿನಿಂದ ಕಾವೇರಿ, ಲಕ್ಷ್ಮಣತೀರ್ಥ, ಚಿಕ್ಕಮಗಳೂರು ಕಡೆಯಿಂದ ಹೇಮಾವತಿ. ಕಟ್ಟೆ ತುಂಬುವುದು ಮುಖ್ಯವಾಗಿ ಜೂನ್ ಆದ ಮೇಲೆ ಅಲ್ಲಿ ಬೀಳುವ ಮುಂಗಾರಿನಿಂದ. ನಮ್ಮೂರ ಏಪ್ರಿಲ್ ಮಳೆ ನಮ್ಮ ಹೊಲಕ್ಕೆ. "ಅಂದ್ರೆ ಅಲ್ಲೂ ಒಂದು ಬಾಟಲಿ ಇಡ್ಬೇಕು" ಎಂದ. ಕೊಡಗಿನ ಯಾವುದಾದರೂ ಶಾಲೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಬಾಟಲಿ ಇಡಿ.

ಏಪ್ರಿಲ್ 10

ಫಲಿತಾಂಶದ ದಿನ. ಪೋಷಕರು ಬಂದು ಉತ್ತರಪತ್ರಿಕೆ ನೋಡಿದರು. ಐದನೆಯ ನಾಲ್ವರು ಇನ್ನು ಪಕ್ಕದೂರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾರೆ. ಮಳೆ ಪುಸ್ತಕದ ಹುಡುಗಿಯೂ ಅವರಲ್ಲಿ ಒಬ್ಬಳು. ಅವಳು ಪುಸ್ತಕವನ್ನು ಮೂರನೇ ತರಗತಿ ಮುಗಿಸಿದ ಹುಡುಗನ ಕೈಗೆ ಕೊಟ್ಟು, "ಕಣ್ಣು ನೀರಿನ ಮಟ್ಟಕ್ಕೆ ಬಗ್ಗಿಸಿ ನೋಡು, ಮೇಲಿಂದ ನೋಡ್ಬೇಡ" ಎಂದಳು. ಹತ್ತು ತಿಂಗಳಲ್ಲಿ ನಾನು ಹೇಳಿದ ಮಾತು ಅವಳ ಬಾಯಲ್ಲಿ ಕೇಳಿ ಕಣ್ಣು ತುಂಬಿ ಬಂತು.

ನಾಳೆಯಿಂದ ಮೇ 28ರವರೆಗೆ ರಜೆ. 48 ದಿನ. ಅಶ್ವಿನಿ, ಭರಣಿ, ಕೃತ್ತಿಕೆ ಮೂರೂ ಮಳೆ ಈ ರಜೆಯಲ್ಲೇ ಬರುತ್ತವೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ಹೊತ್ತಲ್ಲಿ ಶಾಲೆಗೆ ಬೀಗ ಹಾಕಿರುತ್ತದೆ. ಇದೇ ನನಗೆ ವಾರದಿಂದ ತಲೆಬಿಸಿ. ಕೊನೆಗೆ, ಮಕ್ಕಳು ಬಾಟಲಿ ಹತ್ತಿರ ಬರುವ ಬದಲು ಬಾಟಲಿಯೇ ಮಕ್ಕಳ ಮನೆಗೆ ಹೋಗಲಿ ಎಂದುಕೊಂಡೆ. ಐದು ಬಾಟಲಿ ಮಾಡಿದೆವು. ಶಾಲೆಯ ಎದುರು ಮನೆ, ನಾಲೆ ಪಕ್ಕ, ಮಾರಿಗುಡಿ ಬೀದಿ, ಕೆರೆ ಕೋಡಿ, ತೋಟದ ಮನೆ.

ಒಂದೇ ಊರಿಗೆ ಐದು ಯಾಕೆ ಎಂದು ಒಬ್ಬ ತಂದೆ ಕೇಳಿದರು. ಬಿಸಿಯೂಟದ ಅಕ್ಕ ನನಗಿಂತ ಮುಂಚೆ ಉತ್ತರ ಕೊಟ್ಟರು: "ಎತ್ತಿನ ಒಂದು ಕೊಂಬು ನೆಂದ್ರೆ ಇನ್ನೊಂದು ನೆನೆಯಕಿಲ್ಲ ಕಣಪ್ಪ, ಬ್ಯಾಸಿಗೆ ಮಳೆ." ಅದು ನಿಜವೋ ಎಂದು ಈ ಸಲ ಅಳೆದು ನೋಡುತ್ತೇವೆ. ಒಂದು ನಿಯಮ ಮಾತ್ರ ಎಲ್ಲರಿಂದ ಹೇಳಿಸಿದ್ದೇನೆ. ಮಳೆ ಬರದಿದ್ದರೆ 0 ಬರೆಯಬೇಕು. ನೋಡಲು ಮರೆತಿದ್ದರೆ ಗೆರೆ ಎಳೆಯಬೇಕು. ಎರಡೂ ಒಂದೇ ಅಲ್ಲ.

ಜೂನ್‌ಗೆ ಮುಖ್ಯವಾಗಿ ಒಂದೇ ಆಸೆ: ಮಾಡಿನ ಅಂಚಿಗೆ ಅರ್ಧ ಸೀಳಿದ ಪೈಪು, ಕೆಳಗೆ ಎರಡು ಡ್ರಮ್ಮು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಮಕ್ಕಳ 1008ರ ಲೆಕ್ಕವನ್ನೇ ತೋರಿಸಿದೆ. ಒಂದು ಡ್ರಮ್ಮು ತಾವು ಕೊಡುತ್ತೇನೆ ಎಂದಿದ್ದಾರೆ. ಆಮೇಲೆ ಗೋಡೆ ಮೇಲೆ ದೊಡ್ಡ ಪಟ್ಟಿ ಬರೆಯಬೇಕು, ತಾರೀಕಿನ ಪಕ್ಕ ಮಳೆ ನಕ್ಷತ್ರದ ಹೆಸರೂ ಇರಬೇಕು. ಅಜ್ಜಿಯರು ಓದಿಸಿಕೊಂಡರೆ ಅವರಿಗೂ ಗೊತ್ತಾಗಬೇಕು, ಅಲ್ವಾ?

ಏಪ್ರಿಲ್ 29

ಭರಣಿ ಹುಟ್ಟಿ ಎರಡನೇ ದಿನಕ್ಕೆ ಮಳೆ ಬಂತು. ಬೆಳಗ್ಗೆ 8:30ರಿಂದ ಅಪ್ಪಂದಿರ ಫೋನಿನಿಂದ ಒಂದೊಂದೇ ಸಂದೇಶ. ಶಾಲೆ ಎದುರು 9. ಮಾರಿಗುಡಿ ಬೀದಿ 11. ತೋಟದ ಮನೆ 17. ನಾಲೆ ಪಕ್ಕ 22.

ಕೆರೆ ಕೋಡಿ ಹುಡುಗನ ಬಾಟಲಿ ಗಾಳಿಗೆ ಉರುಳಿತ್ತಂತೆ. ಅವನೇ ಫೋನ್ ಮಾಡಿ, "ಗೆರೆ ಹಾಕಿವ್ನಿ ಮಿಸ್" ಎಂದ. ಸುತ್ತ ನಾಲ್ಕು ಇಟ್ಟಿಗೆ ಇಡು ಎಂದು ಹೇಳಿದ್ದೇನೆ.