ಎರಡು ರಾತ್ರಿ, ಒಂದು ಹಗಲು ಮತ್ತು ಒಂದು ಜೋಲಿ

ಮೈಸೂರಿನ ಮನೆ ಖಾಲಿ ಮಾಡಿ ದೆಹಲಿಗೆ ಹೊರಟಿದ್ದೇವೆ ಎಂದಾಗ ನೆಂಟರೆಲ್ಲ ಕೇಳಿದ್ದು ವಿಮಾನ ಎಷ್ಟು ಗಂಟೆಗೆ ಎಂದು. ರೈಲಿನಲ್ಲಿ ಹೋಗುತ್ತೇವೆ ಎಂದರೆ ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆರು ವರ್ಷದ ಹುಡುಗಿ, ಒಂದೂವರೆ ವರ್ಷದ ಕೂಸು, ಮಂಡಿನೋವಿನ ಅತ್ತೆ, ಇವರನ್ನೆಲ್ಲ ಕಟ್ಟಿಕೊಂಡು ಎರಡು ರಾತ್ರಿ ರೈಲಿನಲ್ಲಿ ಕಳೆಯುತ್ತೀರಾ, ನಿಮಗೇನು ತಲೆ ಕೆಟ್ಟಿದೆಯೇ ಎಂದು ನನ್ನ ಚಿಕ್ಕಮ್ಮ ನೇರವಾಗಿಯೇ ಕೇಳಿದರು.

ದುಡ್ಡಿನ ಲೆಕ್ಕ ಇತ್ತು, ಸುಳ್ಳು ಹೇಳುವುದಿಲ್ಲ. ವಿಮಾನದಲ್ಲಿ ಚೀಲದ ತೂಕಕ್ಕೆ ಹೆದರಬೇಕು. ಮೂರನೆಯ ದರ್ಜೆ ಎ.ಸಿ.ಯಲ್ಲಿ ಒಂದು ಟಿಕೆಟಿಗೆ 40 ಕಿಲೋ ಒಯ್ಯಬಹುದು. ಆದರೆ ನನ್ನ ಹಟಕ್ಕೆ ಬೇರೆ ಕಾರಣವೂ ಇತ್ತು. ಬೆಂಗಳೂರಿನಿಂದ ದೆಹಲಿಗೆ ಹಳಿಯ ಮೇಲೆ ಸುಮಾರು 2,400 ಕಿಲೋಮೀಟರು. ವಿಮಾನ ಹತ್ತಿಸಿದರೆ ಮಕ್ಕಳು ಇಲ್ಲಿ ಕಣ್ಣು ಮುಚ್ಚಿ ಅಲ್ಲಿ ಕಣ್ಣು ಬಿಡುತ್ತಾರೆ. ಆಮೇಲೆ ಒಂದು ತಿಂಗಳು ಅಜ್ಜನ ಮನೆಗೆ ಹೋಗೋಣ, ಪಕ್ಕದ ಮನೆಯ ಗೆಳತಿಯ ಹತ್ತಿರ ಹೋಗೋಣ ಎಂದು ದಿನವೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ಎಷ್ಟು ದೂರ ಬಂದಿದ್ದೇವೆ ಎಂಬುದು ಅವರ ಮೈಗೆ ಗೊತ್ತಾಗಲಿ ಎಂಬುದು ನನ್ನ ಆಸೆ.

ಹೊರಡುವ ಮುಂಚಿನ ವಾರವೆಲ್ಲ ಕಾಗದಪತ್ರಗಳ ಓಡಾಟ. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆಯ ಚೀಟಿ ಪಡೆದದ್ದಾಯಿತು. ಮಗಳ ಶಾಲೆಯ ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಬೇರೆ ರಾಜ್ಯದ್ದು ಎಂದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಇರಲೇಬೇಕು ಎಂದು ದೆಹಲಿಯ ಶಾಲೆಯವರು ಹೇಳಿದ್ದರಿಂದ ಅದಕ್ಕೂ ಅಲೆದೆವು. ಸ್ಕೂಟರನ್ನು ರೈಲ್ವೆ ಪಾರ್ಸೆಲ್ಲಿಗೆ ಹಾಕುವಾಗ ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಬಾರದು. ಅಲ್ಲಿಯ ಆಳು ಕೊಳವೆ ಹಾಕಿ ಪೆಟ್ರೋಲ್ ಇಳಿಸಿ, ಹ್ಯಾಂಡಲಿಗೂ ಹೆಡ್‌ಲೈಟಿಗೂ ಹುಲ್ಲು ಸುತ್ತಿ, ಮೇಲೆ ಗೋಣಿಚೀಲ ಹೊಲಿಯುವುದನ್ನು ಮಗಳು ಅಲುಗಾಡದೆ ನಿಂತು ನೋಡಿದಳು. ಅವಳ ನಿಜವಾದ ದುಃಖ ಬೇರೆಯೇ ಇತ್ತು. ಇಲ್ಲಿ ಅವಳ ಗೆಳತಿಯರಿಗೆ ಏಪ್ರಿಲ್, ಮೇ ಎರಡು ತಿಂಗಳು ರಜೆ. ದೆಹಲಿಯಲ್ಲಿ ಏಪ್ರಿಲ್ ಒಂದಕ್ಕೇ ಹೊಸ ತರಗತಿ ಶುರು. ಮೇ ನಡುವಿನಲ್ಲಿ ಅಲ್ಲಿಯೂ ರಜೆ ಕೊಡುತ್ತಾರೆ ಎಂದು ಅವಳ ಅಪ್ಪ ಸಮಾಧಾನ ಹೇಳಿದರು. ಆ ರಜೆಯಲ್ಲಿ ಮಾವಿನಕಾಯಿ ಕೀಳಲು ಯಾರ ಮನೆಗೆ ಹೋಗುವುದು ಎಂದು ಅವಳು ತಿರುಗಿ ಕೇಳಿದಳು.

ಸಾಮಾನು ಪಾಲಿನ ಲಾರಿಯಲ್ಲಿ ಹೋಯಿತು. ಪಾಲಿನ ಲಾರಿ ಎಂದರೆ ಮೂರು ನಾಲ್ಕು ಸಂಸಾರಗಳ ಸಾಮಾನು ಒಂದರ ಮೇಲೊಂದು. ಲಾರಿ ತುಂಬಿದ ಮೇಲೆ ಹೊರಡುತ್ತದೆ, ಬರುವಾಗ ಬರುತ್ತದೆ. ಅದರ ಕತೆ ಆಮೇಲೆ.

ಬುತ್ತಿಯ ಉಸ್ತುವಾರಿ ಅತ್ತೆಯದು. ರೈಲಿನ ಊಟದ ಮೇಲೆ ಅವರಿಗೆ ಎಂದೂ ನಂಬಿಕೆಯಿಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಕೋಡುಬಳೆ, ಕೂಸಿಗೆ ಹುರಿದ ರಾಗಿ ಸರಿಯ ಹಿಟ್ಟು. ಮೊಸರನ್ನದ ವಿಷಯದಲ್ಲಿ ಮಾತ್ರ ಅವರದೇ ಕ್ರಮ. ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿಯಿದ್ದಾಗಲೇ ಕಿವುಚಿ, ಕಾದ ಹಾಲನ್ನು ಅನ್ನ ಮುಳುಗುವಷ್ಟು ಸುರಿಯುತ್ತಾರೆ. ಉಗುರು ಬೆಚ್ಚಗಾದ ಮೇಲೆ ಒಂದೇ ಚಮಚ ಮೊಸರು. ಉಪ್ಪು ಹಾಕುವುದಿಲ್ಲ, ಅದು ತಿನ್ನುವ ಹೊತ್ತಿಗೆ. ಸಂಜೆ ಡಬ್ಬಿ ಮುಚ್ಚಿದರೆ ಗಾಡಿ ಓಡುತ್ತಲೇ ಒಳಗೆ ಹೆಪ್ಪಾಗುತ್ತದೆ. ಮರುದಿನ ಮಧ್ಯಾಹ್ನ ಮುಚ್ಚಳ ತೆಗೆದಾಗ ಹುಳಿಯ ವಾಸನೆಯೇ ಇರಲಿಲ್ಲ. ಎದುರು ಕುಳಿತವರೂ ಕೇಳಿ ಹಾಕಿಸಿಕೊಂಡರು.

ಕರ್ನಾಟಕ ಎಕ್ಸ್‌ಪ್ರೆಸ್ ಬೆಂಗಳೂರನ್ನು ಸಂಜೆ ಬಿಡುತ್ತದೆ. ಐದು ತುಂಬದ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಾಗಿಲ್ಲ; ಐದು ದಾಟಿದವರಿಗೆ ಬರ್ತ್ ಬೇಕೆಂದರೆ 2016ರಿಂದ ಪೂರಾ ದರ. ಹಾಗಾಗಿ ಮಗಳಿಗೆ ಅವಳ ಹೆಸರಿನದೇ ಬರ್ತ್ ಇತ್ತು. ಆ ಜಂಬವನ್ನು ನೋಡಬೇಕಿತ್ತು. ಕೂಸಿಗೆ ಮಾತ್ರ ಮಲಗುವ ಜಾಗ ನನ್ನ ಮಗ್ಗುಲು, ಅದೂ ಅಂಗೈಯಗಲದ ಬರ್ತಿನಲ್ಲಿ. ಅತ್ತೆ ಅದಕ್ಕೆಂದೇ ತಮ್ಮ ಹಳೆಯ ನೂಲಿನ ಸೀರೆ ತಂದಿದ್ದರು. ಎದುರು ಬದುರಿನ ಎರಡು ಬರ್ತುಗಳ ನಡುವೆ ಜೋಲಿ ಕಟ್ಟಬೇಕು. ನನ್ನ ಗಂಡ ಕಟ್ಟಿದ ಗಂಟು ಹಿಂದೂಪುರ ಬರುವ ಮೊದಲೇ ಜಾರಿತು. ಪುಣ್ಯಕ್ಕೆ ಒಳಗಿದ್ದದ್ದು ತಲೆದಿಂಬು.

ನಮ್ಮ ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ರಜೆ ಮುಗಿಸಿ ಹೊರಟಿದ್ದ ಬಾಗಲಕೋಟೆ ಕಡೆಯ ಯೋಧರು. ಅಷ್ಟು ಹೊತ್ತು ಮೊಬೈಲ್ ನೋಡುತ್ತಿದ್ದವರು ಎದ್ದು, "ಅಮ್ಮಾ, ಸೀರೆ ಇತ್ತ ಕೊಡಿ" ಎಂದರು. ಸೆರಗನ್ನು ಹುರಿಮಾಡಿ, ಮೇಲಿನ ಬರ್ತಿನ ಕಬ್ಬಿಣಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಅದೇ ಸುತ್ತಿನ ಅಡಿಯಿಂದ ತೂರಿಸಿ ಎಳೆದರು. ಆ ಬದಿಯಲ್ಲೂ ಹಾಗೆಯೇ. ಆಮೇಲೆ ತಮ್ಮ ಎರಡೂ ಕೈಯಿಂದ ಜೋಲಿಯನ್ನು ಹಿಡಿದು ಮೈಭಾರವನ್ನೆಲ್ಲ ಬಿಟ್ಟು ನೋಡಿದರು. ಅತ್ತೆಗೆ ಅಷ್ಟಕ್ಕೂ ತೃಪ್ತಿಯಿಲ್ಲ. "ತಮ್ಮಾ, ಇನ್ನೊಂದು ಗಂಟು ಹಾಕಪ್ಪ" ಎಂದರು. "ಇನ್ನೊಂದು ಹಾಕಿದರೆ ನಾಳೆ ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕಾದೀತು" ಎಂದು ಅವರು ನಕ್ಕರು. ಧರ್ಮಾವರ ಹೋಯಿತು, ಗುಂತಕಲ್ಲು ಹೋಯಿತು, ಕೂಸು ಮಿಸುಕಾಡಲಿಲ್ಲ. ಗಾಡಿಯೇ ತೂಗುತ್ತಿತ್ತು. ನಾನು ಮಾತ್ರ ನಿದ್ದೆಗೆಟ್ಟು ಆ ಗಂಟನ್ನೇ ನೋಡುತ್ತಿದ್ದೆ. ರಾತ್ರಿ ಯಾವುದೋ ಹೊತ್ತಿನಲ್ಲಿ ರಾಯಚೂರಿನಾಚೆ ಕೃಷ್ಣೆಯ ಸೇತುವೆ ಬಂದದ್ದು ಸದ್ದಿನಿಂದ ತಿಳಿಯಿತು.

ಬೆಳಕು ಹರಿಯುವಾಗ ವಾಡಿಯ ಸಿಮೆಂಟಿನ ಧೂಳು, ಆಮೇಲೆ ಕಲಬುರಗಿ. ಮಗಳು ಆಗಷ್ಟೇ ಒತ್ತಕ್ಷರ ಕಲಿತಿದ್ದಳು. ಕಂಡದ್ದನ್ನೆಲ್ಲ ಓದುವ ಚಟ. ಗಾಜಿಗೆ ಮೂಗು ಒತ್ತಿ ಫಲಕ ಓದಿ, ಮುಂದಿನ ನಿಲ್ದಾಣಕ್ಕೆ ಕಾಯುತ್ತಿದ್ದಳು. ಗಾಣಗಾಪುರದಾಚೆ ರಾಜ್ಯದ ಗಡಿ ದಾಟಿದ ಮೇಲೆ ಫಲಕಗಳು ದೇವನಾಗರಿಗೆ ಹೊರಳಿದವು. "ನನಗೆ ಓದಲು ಬರುವುದೆಲ್ಲ ಮುಗಿಯಿತೇ?" ಎಂದಳು. ನಾನು ಏನಾದರೂ ಹೇಳುವ ಮೊದಲೇ ಅತ್ತೆ, ಸೊಲ್ಲಾಪುರ ಎಂದರೆ ಸಿದ್ಧರಾಮನ ಸೊನ್ನಲಿಗೆ, ಆ ಊರಿನ ಕೆರೆ ಕಟ್ಟಿಸಿದವನು ಅವನೇ, ಆತ ಬರೆದದ್ದು ಕನ್ನಡದ ವಚನ ಎಂದು ಶುರುಮಾಡಿದರು. ಸೊಲ್ಲಾಪುರದ ಪ್ಲಾಟ್‌ಫಾರ್ಮಿನಲ್ಲಿ ಶೇಂಗಾ ಚಟ್ನಿಯ ಪೊಟ್ಟಣ ಮಾರುತ್ತಿದ್ದವನೊಡನೆ ಅತ್ತೆ ಧೈರ್ಯವಾಗಿ ಕನ್ನಡದಲ್ಲೇ ಚೌಕಾಸಿಗಿಳಿದರು. ಅವನೂ ಕನ್ನಡದಲ್ಲೇ ಒಂದು ಪೈಸೆ ಬಿಡಲಿಲ್ಲ. ಅಕ್ಕಲಕೋಟೆ ಕಡೆಯವನಂತೆ.

ಹಗಲಿನ ಬಹುಪಾಲನ್ನು ಕೂಸು ನಡಿಗೆಯಲ್ಲಿ ಕಳೆಯಿತು. ಅದಕ್ಕೆ ನಡೆಯುವುದು ಹೊಸ ವಿದ್ಯೆ. ಬೋಗಿ ಅಲುಗಿದಂತೆಲ್ಲ ತಾನೂ ವಾಲಿ, ಏಣಿ ಹಿಡಿದು, ಕಂಡವರ ಮಂಡಿ ಹಿಡಿದು, ಈ ತುದಿಯಿಂದ ಆ ತುದಿಗೆ. ಹಿಂದೆ ಅದರ ಅಪ್ಪ. ಪ್ರತಿ ಸಲವೂ ಕೈಯಲ್ಲೊಂದು ಬಿಸ್ಕತ್ತು, ಇಲ್ಲವೇ ಖಾಲಿ ಬಾಟಲಿ, ಒಮ್ಮೆ ಯಾರದೋ ಕನ್ನಡಕದ ಡಬ್ಬಿ ಹಿಡಿದು ಮರಳುತ್ತಿತ್ತು. ಡಬ್ಬಿಯ ಒಡೆಯರನ್ನು ಹುಡುಕಲು ಮತ್ತೊಂದು ಸುತ್ತು. ಡೈಪರ್ ಬದಲಿಸುವ ಕಷ್ಟವನ್ನು ವಿವರಿಸುವುದಿಲ್ಲ. ಮಕ್ಕಳಿದ್ದವರಿಗೆ ಗೊತ್ತು, ಇಲ್ಲದವರು ಸುಖವಾಗಿರಲಿ.

ಅಹಮದ್‌ನಗರ ದಾಟಿದ ಮೇಲೆ ಕಬ್ಬಿನ ಗದ್ದೆಗಳು, ಸಕ್ಕರೆ ಕಾರ್ಖಾನೆಯ ಚಿಮಣಿಗಳು. ಕೋಪರಗಾಂವ್ ಆಸುಪಾಸಿನಲ್ಲಿ ಗೋದಾವರಿ ಬಂತು. ಅತ್ತೆ ಸಂಚಿಯಿಂದ ನಾಣ್ಯ ತೆಗೆದರು. ಎ.ಸಿ. ಬೋಗಿಯ ಕಿಟಕಿ ತೆರೆಯುವುದಿಲ್ಲ ಎಂದು ಗೊತ್ತಾದಾಗ ಅವರ ಮುಖ ನೋಡಬೇಕು. ಬಾಗಿಲ ಬಳಿ ಹೋಗಿ ಎಸೆದು ಬಾ ಎಂದು ಮಗನಿಗೆ ಹೇಳಿದರು, ಮಗ ಒಪ್ಪಲಿಲ್ಲ. ಕೊನೆಗೆ ನಾಣ್ಯವನ್ನು ಕಣ್ಣಿಗೊತ್ತಿ, ನದಿ ಕಾಣುವಷ್ಟು ಹೊತ್ತು ಗಾಜಿಗೆ ಒತ್ತಿ ಹಿಡಿದು, ಮತ್ತೆ ಸಂಚಿಗೆ ಸೇರಿಸಿದರು. ಗೋದಾವರಿಗೆ ಬಾಕಿ ಇದೆ ಎಂದು ಈಗಲೂ ಹೇಳುತ್ತಿರುತ್ತಾರೆ.

ಮುಸ್ಸಂಜೆ ಕೆಟ್ಟದ್ದು. ಮಕ್ಕಳೊಡನೆ ದೂರ ಪ್ರಯಾಣ ಮಾಡಿದವರೆಲ್ಲ ಇದನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ. ಭುಸಾವಳದಲ್ಲಿ ಬಾಳೆಹಣ್ಣು ಕೊಂಡು ಸುಲಿದು ಕೈಗಿಟ್ಟರೆ ಮಗಳು ಪಕ್ಕಕ್ಕೆ ಸರಿಸಿದಳು. "ಸಾಕಮ್ಮ, ಈಗ ಮನೆಗೆ ಹೋಗೋಣ" ಎಂದಳು. ಮನೆಗೇ ಹೋಗುತ್ತಿದ್ದೇವಲ್ಲ ಎಂದೆ. "ಅದಲ್ಲ, ನಮ್ಮ ಮನೆಗೆ." ನಮ್ಮ ಕೋಣೆಯಲ್ಲಿ ಈಗ ಯಾರು ಮಲಗುತ್ತಾರೆ, ಹಿತ್ತಲಿನ ಬೆಕ್ಕಿಗೆ ಹಾಲು ಯಾರು ಇಡುತ್ತಾರೆ, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿದ ನನ್ನ ಎತ್ತರವನ್ನು ಅವರು ಅಳಿಸಿಬಿಡುತ್ತಾರಾ. ಬಾಡಿಗೆಗೆ ಬರುವವರು ಸುಣ್ಣ ಬಳಿಸಿಯೇ ಬರುತ್ತಾರೆ. ಹಾಗೆಂದು ಹೇಳಿದೆ. ಅಳು ಶುರುವಾಯಿತು. ಅಕ್ಕ ಅತ್ತದ್ದಕ್ಕೆ ತಮ್ಮನೂ ಅತ್ತ. ಪಕ್ಕದ ಬರ್ತಿನವರು ಹೊದಿಕೆ ಸರಿಸಿ ನೋಡಿ, ಮತ್ತೆ ಎಳೆದುಕೊಂಡರು.

ವಿಮಾನದಲ್ಲಿ ಹೋಗಿದ್ದರೂ ಈ ಅಳು ಬರುವುದಿತ್ತು. ಆದರೆ ದೆಹಲಿಯಲ್ಲಿ ಬಂದಿದ್ದರೆ ಒಬ್ಬರು ಕಚೇರಿಗೆ ಓಡುತ್ತಿರುತ್ತಿದ್ದೆವು, ಇನ್ನೊಬ್ಬರು ನಲ್ಲಿ ಸರಿಮಾಡುವವನನ್ನು ಹುಡುಕುತ್ತಿರುತ್ತಿದ್ದೆವು. ಇಲ್ಲಿ ಯಾರಿಗೂ ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಕುಳಿತೆವು. ಯೋಧರು ಬುದ್ಧಿಮಾತಿನ ಗೋಜಿಗೆ ಹೋಗಲಿಲ್ಲ. ಅವಳ ಜಡೆಯಿಂದ ಬಿಚ್ಚಿಬಿದ್ದಿದ್ದ ರಿಬ್ಬನ್ ಎತ್ತಿಕೊಂಡು, ನಿನ್ನೆ ಜೋಲಿಗೆ ಹಾಕಿದ ಗಂಟು ಕಲಿಯುತ್ತೀಯಾ ಎಂದರು. ಖಂಡ್ವಾ ಬರುವ ಹೊತ್ತಿಗೆ ಅವಳು ನೀರಿನ ಬಾಟಲಿಯನ್ನು ಏಣಿಗೆ ಕಟ್ಟಿದ್ದಳು. ಇಟಾರ್ಸಿಯಲ್ಲಿ ನಮ್ಮ ಚಪ್ಪಲಿಗಳೆಲ್ಲ ಬರ್ತಿನ ಕಾಲಿಗೆ ಬಿಗಿದಿದ್ದವು. ರಾತ್ರಿ ಶೌಚಾಲಯಕ್ಕೆ ಎದ್ದ ನನ್ನ ಗಂಡ ಬರಿಗಾಲಿನಲ್ಲಿ ಹೋಗಿ ಬಂದರು.

ಗಾಡಿ ತುಸು ತಡವಾಗಿ ಓಡುತ್ತಿದ್ದದ್ದು ಒಳ್ಳೆಯದೇ ಆಯಿತು. ಮೊರೇನಾ ದಾಟುವಾಗ ಚೆನ್ನಾಗಿ ಬೆಳಕಾಗಿತ್ತು. ಚಂಬಲ್ ಕಣಿವೆಯನ್ನು ನಾನೂ ಹತ್ತಿರದಿಂದ ಕಂಡಿರಲಿಲ್ಲ. ಸಾವಿರಾರು ಮಳೆಗಾಲದ ನೀರು ಕೊರೆದ ಮಣ್ಣಿನ ದಿಬ್ಬಗಳು, ಒಂದರ ಬೆನ್ನಿಗೊಂದು, ನಡುವೆ ಆಳವಾದ ಓಣಿಗಳು. ಆಮೇಲೆ ನದಿ, ತಿಳಿ ನೀರು, ಮರಳ ದಂಡೆ. ಈ ನದಿಯಲ್ಲಿ ಉದ್ದ ಮೂತಿಯ ಘರಿಯಾಲ್ ಮೊಸಳೆಗಳಿವೆ ಎಂದದ್ದೇ ತಪ್ಪಾಯಿತು, ಮಗಳು ಆಗ್ರಾದವರೆಗೂ ಪ್ರತಿ ಹೊಂಡದಲ್ಲಿ ಮೊಸಳೆ ಹುಡುಕಿದಳು. ಮಥುರಾ ಕಡೆಯ ಗೋಧಿ ಹೊಲಗಳು ಕೊಯ್ಲಿಗೆ ಬಂದು ಹೊಂಬಣ್ಣಕ್ಕೆ ತಿರುಗಿದ್ದವು. ಅತ್ತೆ ಜೋಲಿ ಬಿಚ್ಚಿದರು. ಯೋಧರು ಹೇಳಿದಂತೆ ಒಂದೇ ಎಳೆತಕ್ಕೆ ಗಂಟು ಬಿಟ್ಟಿತು.

ಹೊಸ ಮನೆ ರಾಮಕೃಷ್ಣಪುರಂ ಕಡೆ, ಸರ್ಕಾರಿ ಕ್ವಾರ್ಟರ್ಸು. ಬಾಗಿಲು ತೆಗೆದರೆ ನಾಲ್ಕು ಗೋಡೆ, ಎರಡು ಫ್ಯಾನು, ಹಿಂದಿನವರು ಬಿಟ್ಟುಹೋದ ಒಂದು ಕ್ಯಾಲೆಂಡರ್. ಮೇಲಿನ ಮನೆಯ ಗಢವಾಲಿ ಹೆಂಗಸು ಚಹಾ ತಂದರು, ಜೊತೆಗೆ ಒಂದು ವಿದ್ಯುತ್ ಒಲೆಯನ್ನೂ ಕೊಟ್ಟರು. ಸಂಜೆ ಮದರ್ ಡೇರಿ ಬೂತಿಗೆ ಹೋದೆವು. ಟೋಕನ್ ಹಾಕಿದರೆ ಯಂತ್ರದಿಂದ ಹಾಲು ಪಾತ್ರೆಗೆ ಬೀಳುವುದನ್ನು ಕಂಡು ಕೂಸು ಕೇಕೆ ಹಾಕಿತು. ಹಸುವಿಲ್ಲ, ಪೊಟ್ಟಣವೂ ಇಲ್ಲ, ಇದೆಂಥ ಹಾಲು ಎಂದು ಅತ್ತೆ ಮೂಗು ಮುರಿದರು. ಆದರೆ ಆ ಹಾಲಿನ ಕೆನೆ ನೋಡಿದ ಮೇಲೆ ಏನೂ ಹೇಳಲಿಲ್ಲ. ನಡೆದು ಹೋಗುವ ದೂರದಲ್ಲೇ ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ. ಅದರ ಮೇಲಿನ ಕನ್ನಡ ಅಕ್ಷರಗಳನ್ನು ಮಗಳು ರಸ್ತೆಯ ಆಚೆಯಿಂದಲೇ, ಬಸ್ಸಿನ ಸದ್ದಿಗೂ ಮೇಲಾಗಿ, ಕೂಗಿ ಓದಿದಳು.

ಲಾರಿ ಹೇಳಿದ ದಿನಕ್ಕೆ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ನಾಗಪುರ ದಾಟಿದೆ ಎನ್ನುತ್ತಿದ್ದರು. ಮರುದಿನ ಕೇಳಿದರೂ ನಾಗಪುರವೇ. ಕೊನೆಗೊಂದು ನಡುರಾತ್ರಿ ಬಂತು. ಗ್ರೈಂಡರಿನ ಕಲ್ಲು ನೆಟ್ಟಗಿತ್ತು, ದೇವರ ಪೆಟ್ಟಿಗೆಯ ಗಾಜು ಒಡೆದಿರಲಿಲ್ಲ. ಆದರೆ ಮಂಚವನ್ನು ಬಿಚ್ಚಿ ತಂದವರು ಅದರ ಬೋಲ್ಟುಗಳ ಚೀಲ ಎಲ್ಲಿಟ್ಟೆವೋ ತಿಳಿಯದು ಎಂದರು. ಹಲಗೆಗಳನ್ನು ಗೋಡೆಗೆ ಒರಗಿಸಿ, ನಡುಮನೆಯಲ್ಲಿ ಹಾಸಿಗೆಗಳನ್ನು ಸಾಲಾಗಿ ಹಾಸಿ, ಐವರೂ ಅಡ್ಡಾದೆವು. ಮಗಳು ಗೋಡೆ ಬದಿಯದು ತನ್ನ ಲೋಯರ್ ಬರ್ತ್ ಎಂದು ಮೊದಲೇ ಹಿಡಿದುಕೊಂಡಳು. ಕೂಸು ಎಲ್ಲರ ಮೇಲೆ ಹತ್ತಿಳಿದು ಯಾರದೋ ಕಾಲ ಬಳಿ ನಿದ್ದೆಹೋಯಿತು.

ಬೋಲ್ಟುಗಳು ಆಮೇಲೆ ರಾಗಿ ಹಿಟ್ಟಿನ ಡಬ್ಬಿಯ ತಳದಲ್ಲಿ ಸಿಕ್ಕವು. ಕಳೆದುಹೋಗಬಾರದೆಂದು ಅಲ್ಲಿ ಬಚ್ಚಿಟ್ಟವರು ಅತ್ತೆಯೇ. ಲಾರಿಯವರನ್ನು ನಾನು ಬೈದು ಮುಗಿಸುವವರೆಗೂ ಅವರು ತುಟಿ ಬಿಚ್ಚಿರಲಿಲ್ಲ. ಮಂಚ ಜೋಡಿಸಲು ಹೋದರೆ ಮಕ್ಕಳಿಬ್ಬರೂ ಬಿಡಲಿಲ್ಲ. ಹಲಗೆಗಳು ಗೋಡೆಗೆ ಒರಗಿಯೇ ಇವೆ, ಅದರ ಮೇಲೆ ಈಗ ಬಟ್ಟೆ ಒಣಗುತ್ತವೆ.