ನಾನು ಹಾಳು ಮಾಡಿದ ಉತ್ತರ

ಹುಬ್ಬಳ್ಳಿಯಲ್ಲಿ ಕಾರ್ಯಕ್ರಮ ನಿರೂಪಣೆಗೆ ಯಾರೂ ಸಿಗದಿದ್ದರೆ ನನಗೆ ಫೋನ್ ಬರುತ್ತದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ, ಮೈಕ್ ಕಂಡರೆ ಹೆದರಿಕೆ ಇಲ್ಲ, ದುಡ್ಡೂ ಜಾಸ್ತಿ ಕೇಳುವುದಿಲ್ಲ. ಹಾಗೇ ಎರಡು ವರ್ಷದ ಹಿಂದೆ ಒಂದು ಸೌಂದರ್ಯ ಸ್ಪರ್ಧೆಗೂ ಹೋದೆ.

ಒಂದು ಹೋಟೆಲಿನ ಹಾಲ್. ಹಿಂದಿನ ದಿನದ ರಿಸೆಪ್ಷನ್ನಿನ ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ಅದರ ಮೇಲೆಯೇ ಬ್ಯಾನರ್ ಕಟ್ಟಿದ್ದರು. ಹನ್ನೆರಡು ಹುಡುಗಿಯರು, ಮೂವರು ಜಡ್ಜುಗಳು. ಮೂವರಿಗೂ ಕನ್ನಡ ಬರುತ್ತಿರಲಿಲ್ಲ. ಅಂಕಪಟ್ಟಿಯ ಒಂದು ಪ್ರತಿ ನನ್ನ ಕೈಯಲ್ಲೂ ಇತ್ತು. 100ರಲ್ಲಿ ಮಾತಿಗೆ 20. ಉಳಿದದ್ದೆಲ್ಲ ನಡಿಗೆ, ನಿಲುವು, ಡ್ರೆಸ್ಸು, ನಗು.

ಕೊನೆಯ ಸುತ್ತು ಪ್ರಶ್ನೋತ್ತರ. ಎಲ್ಲರಿಗೂ ಒಂದೇ ಪ್ರಶ್ನೆ: ಹೆಣ್ಣಿನ ದೊಡ್ಡ ಶಕ್ತಿ ಯಾವುದು? ಉತ್ತರಕ್ಕೆ ಅರ್ಧ ನಿಮಿಷ. ಒಬ್ಬಳು ಉತ್ತರಿಸುವಾಗ ಉಳಿದವರು ಹೊರಗೆ, ಬಾಗಿಲು ಹಾಕಿಕೊಂಡು.

ಮೊದಲ ಎಂಟು ಜನ ಇಂಗ್ಲಿಷಿನಲ್ಲಿ ಪಟಪಟ ಹೇಳಿದರು. ತಾಯ್ತನ, ಸಹನೆ, ಪ್ರೀತಿ, ನಡುವೆ ಇಬ್ಬರಿಂದ ಮದರ್ ತೆರೇಸಾ. 1994ರಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್‌ಗೂ ಸುಮಾರು ಇಂಥದ್ದೇ ಪ್ರಶ್ನೆ ಬಂದಿತ್ತು, ಹೆಣ್ಣಾಗಿರುವುದರ ಸಾರ ಏನು ಅಂತ. ಅವರು ಹೆಣ್ಣಾಗಿರುವುದು ದೇವರ ವರ, ಮಗುವಿನ ಮೂಲ ತಾಯಿ ಎಂದರು, ಮಿಸ್ ಯೂನಿವರ್ಸ್ ಆದರು. ಅಂದಿನಿಂದ ನಮ್ಮ ಹುಡುಗಿಯರು ಆ ಉತ್ತರವನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಾರೆ. ಗ್ರೂಮಿಂಗ್ ಕ್ಲಾಸಿನಲ್ಲಿ ಬಾಯಿಪಾಠ ಮಾಡಿಸುತ್ತಾರಂತೆ. ಮಾತಿನ ಪರೀಕ್ಷೆಗೂ ಗೈಡು ಬಂತು, ಅಷ್ಟೇ.

ಒಂಬತ್ತನೆಯವಳು ಗದಗ ಕಡೆಯ ಹುಡುಗಿ. ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಕನ್ನಡದಾಗ ಹೇಳ್ಲೇನ್ರಿ?’ ಅಂದಳು. ಆಯೋಜಕರು ಕೆಳಗಿನಿಂದಲೇ ಹೆಬ್ಬೆಟ್ಟು ತೋರಿಸಿದರು, ಮ್ಯಾಡಮ್ ಅನುವಾದ ಮಾಡ್ತಾರೆ ಅಂತ. ನನ್ನನ್ನು ಯಾರೂ ಕೇಳಲಿಲ್ಲ.

ಅವಳು ಹೇಳಿದ್ದು ಇದು:

‘ನಮ್ಮವ್ವ ಮುಂಜಾನೆ ನಾಲ್ಕಕ್ಕ ಎದ್ದು ಖಾನಾವಳಿಗೆ ರೊಟ್ಟಿ ಬಡೀತಾಳ್ರಿ. ದಿನಾ ಇನ್ನೂರು. ಮಂದಿ ಅದಕ್ಕ ಶಕ್ತಿ ಅಂತಾರ. ನನಗ ಹಂಗ ಅನಸೂದಿಲ್ರಿ. ಅಕಿಗೆ ಸಾಕಾಗೇತಿ. ಒಂದಿನ ಎಂಟರ ತನಕಾ ಮಕ್ಕೊಂಡು, ಇವತ್ತ ನನ್ ಕೈಲೆ ರೊಟ್ಟಿ ಆಗೂದಿಲ್ಲ ಅಂದ್ಲಂದ್ರ, ಅದು ಶಕ್ತಿ ನೋಡ್ರಿ.’

ಹಾಲ್ ನಕ್ಕಿತು. ಆಮೇಲೆ ಚಪ್ಪಾಳೆ. ಹಿಂದಿನ ಸಾಲಿನ ಹೆಂಗಸರದ್ದೇ ಜಾಸ್ತಿ.

ಜಡ್ಜುಗಳು ನನ್ನ ಮುಖ ನೋಡುತ್ತಿದ್ದರು. ಟೈಮ್ ನೋಡುವವನು ಕೈಗಡಿಯಾರ ತಟ್ಟಿ ತೋರಿಸಿದ. ನಾನು ಮೈಸೂರು ಕಡೆಯವಳು, ಈ ಊರಿಗೆ ಬಂದು ಹನ್ನೊಂದು ವರ್ಷವಾದರೂ ‘ಸಾಕಾಗೇತಿ’ಯನ್ನು ಇಂಗ್ಲಿಷಿಗೆ ಹೇಗೆ ತರುವುದು ಅಂತ ಥಟ್ಟನೆ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: ಇವಳ ತಾಯಿ ದಿನಾ ಬೆಳಗಿನ ಜಾವ ಎದ್ದು ತುಂಬ ಕಷ್ಟಪಟ್ಟು ದುಡಿಯುತ್ತಾರೆ, ಆ ದುಡಿಮೆಯೇ ಹೆಣ್ಣಿನ ಶಕ್ತಿ ಎನ್ನುತ್ತಿದ್ದಾಳೆ.

ಪೂರ್ತಿ ಉಲ್ಟಾ. ಹೇಳಿ ಮುಗಿಸುವಾಗಲೇ ನನಗೆ ಗೊತ್ತಾಯಿತು. ಜಡ್ಜುಗಳು ತಲೆಯಾಡಿಸಿ ಬರೆದುಕೊಂಡರು. ಆಗಲೇ ‘ತಪ್ಪಾಯಿತು, ಇನ್ನೊಮ್ಮೆ ಹೇಳುತ್ತೇನೆ’ ಅನ್ನಬಹುದಿತ್ತು. ಅನ್ನಲಿಲ್ಲ. ಇಂಗ್ಲಿಷ್ ಮೇಷ್ಟ್ರಮ್ಮನ ಮರ್ಯಾದೆ ಪ್ರಶ್ನೆ ನೋಡಿ. ಹತ್ತನೆಯವಳನ್ನು ಕರೆದೆ.

ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ನಾದಿನಿ ನಕ್ಕಳು. ‘ರೂಪಕ್ಕೆ ಕೊಡೋ ಬಹುಮಾನಕ್ಕೆ ಮಾತು ಯಾಕೆ ಬೇಕು ಅತ್ತಿಗೆ? ಓಟದ ಪಂದ್ಯದಲ್ಲಿ ಹಾಡು ಹೇಳಿಸ್ತಾರಾ?’ ಅಂದಳು. ಮಾತು ಸರಿ ಅನ್ನಿಸುತ್ತದೆ, ಅಲ್ವಾ? 1996ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದಾಗ ಬೀದಿಯಲ್ಲಿ ಅಷ್ಟು ದೊಡ್ಡ ಪ್ರತಿಭಟನೆ. ನಾಲ್ಕು ವರ್ಷದ ನಂತರ ಸೈಪ್ರಸ್‌ನಲ್ಲಿ ನಡೆದ ಮಿಸ್ ಯೂನಿವರ್ಸ್‌ನಲ್ಲಿ, ಬೆಂಗಳೂರಿನಲ್ಲೇ ಬೆಳೆದ ಲಾರಾ ದತ್ತಾಗೆ ಬಂದ ಕೊನೆಯ ಪ್ರಶ್ನೆಯೂ ಅದೇ: ಹೊರಗೆ ಪ್ರತಿಭಟನೆ ಮಾಡುತ್ತಿರುವವರಿಗೆ ಏನು ಹೇಳಿ ಒಪ್ಪಿಸುತ್ತೀರಿ? ಇಂಥ ವೇದಿಕೆಯಿಂದ ಹೆಣ್ಣುಮಕ್ಕಳಿಗೆ ಮುಂದೆ ಹೋಗಲು, ತಮ್ಮ ಅಭಿಪ್ರಾಯ ಹೇಳಲು ದಾರಿಯಾಗುತ್ತದೆ ಎಂಬರ್ಥದ ಉತ್ತರ ಕೊಟ್ಟು ಗೆದ್ದರು. ಅಂದರೆ ಬೈಗುಳಕ್ಕೆ ಸ್ಪರ್ಧೆಯ ಹತ್ತಿರ ಇರುವ ಸಮಜಾಯಿಷಿ ಅಂದರೆ ಈ ಪ್ರಶ್ನೋತ್ತರದ ಸುತ್ತು ಒಂದೇ. ಇದು ನನಗೆ ಸ್ವಲ್ಪ ಕಿರಿಕಿರಿಯೇ.

ಆದರೂ ನಾದಿನಿಯ ಮಾತು ಒಪ್ಪಲಾರೆ. ಆ ರಾತ್ರಿ ಹನ್ನೆರಡು ಜನರನ್ನೂ ಮೂರು ಗಂಟೆ ನೋಡಿದ್ದೆ. ಒಬ್ಬಳದ್ದೂ ನಡಿಗೆ ನೆನಪಿಲ್ಲ. ನೆನಪಿರುವುದು ಇನ್ನೂರು ರೊಟ್ಟಿ.

ಅದಾದ ಮೇಲೆ ಹಳೆಯ ಫೈನಲ್‌ಗಳ ವಿಡಿಯೋ ನೋಡುವ ಚಟ ಹತ್ತಿತು. 2010ರ ಮಿಸ್ ಯೂನಿವರ್ಸ್‌ನಲ್ಲಿ ಫಿಲಿಪ್ಪೀನ್ಸ್‌ನ ವೀನಸ್ ರಾಜ್‌ಗೆ, ಬದುಕಿನಲ್ಲಿ ಮಾಡಿದ ದೊಡ್ಡ ತಪ್ಪು ಯಾವುದು ಅಂತ ಕೇಳಿದರು. ಇಂಗ್ಲಿಷಿನಲ್ಲೇ ಉತ್ತರಿಸಿದರು. 22 ವರ್ಷದಲ್ಲಿ ‘ಮೇಜರ್ ಮೇಜರ್’ ಸಮಸ್ಯೆ ಏನೂ ಇಲ್ಲ ಅಂದದ್ದೇ ಊರೆಲ್ಲ ನಗೆಯಾಯಿತು. ಐದನೇ ಸ್ಥಾನ ಸಿಕ್ಕಿತು. ಮರುವರ್ಷ ಸಾವೊ ಪಾಲೊದಲ್ಲಿ ಅಂಗೋಲಾದ ಲೈಲಾ ಲೋಪೆಸ್ ಪೋರ್ಚುಗೀಸಿನಲ್ಲೇ ಮಾತಾಡಿದರು. ರೂಪದಲ್ಲಿ ಏನು ಬದಲಾಯಿಸಿಕೊಳ್ಳುತ್ತೀರಿ ಅಂದರೆ, ಏನೂ ಇಲ್ಲ, ದೇವರು ಮಾಡಿದ ಹಾಗೇ ಚೆನ್ನಾಗಿದ್ದೇನೆ ಅಂದರು. ದುಭಾಷಿ ಅದನ್ನು ಇಂಗ್ಲಿಷಿಗೆ ದಾಟಿಸಿದರು, ಲೋಪೆಸ್ ಗೆದ್ದರು. ಆ ವಿಡಿಯೋ ಹಾಕಿದಾಗೆಲ್ಲ ನನ್ನ ಕಿವಿ ದುಭಾಷಿಯ ದನಿಯ ಮೇಲೇ ಇರುತ್ತದೆ. ಎಷ್ಟು ನಿಧಾನ!

ಫಲಿತಾಂಶ ಹೇಳುವುದು ಮರೆತೆ. ಒಂಬತ್ತನೆಯವಳು ಮೊದಲ ಮೂರರಲ್ಲಿ ಬರಲಿಲ್ಲ. ‘ಬೆಸ್ಟ್ ಸ್ಮೈಲ್’ ಅಂತ ಒಂದು ಗುಲಾಬಿ ಪಟ್ಟಿ ಹೆಗಲಿಗೆ ಹಾಕಿದರು. ಗೆದ್ದವಳು ಮದರ್ ತೆರೇಸಾ ಹೇಳಿದ್ದ ಇಬ್ಬರಲ್ಲಿ ಒಬ್ಬಳು.

ಆಮೇಲೆ ಮೇಕಪ್ ರೂಮಿನ ಬಾಗಿಲಲ್ಲಿ ಸಿಕ್ಕಳು. ಹಿಮ್ಮಡಿ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಕ್ಷಮಿಸು ಅನ್ನಬೇಕು ಅಂತ ಬಾಯಿ ತೆರೆದೆ.

‘ಇರ್ಲಿ ಬಿಡ್ರಿ ಮ್ಯಾಡಮ್. ನನಗೂ ಅಷ್ಟು ಇಂಗ್ಲಿಷ್ ತಿಳೀತದ,’ ಅಂದಳು. ನಗುತ್ತಲೇ ಅಂದಳು. ಅದೇ ಹೆಚ್ಚು ಚುಚ್ಚಿತು.

ಪಕ್ಕದಲ್ಲಿ ಅವಳವ್ವ ನಿಂತಿದ್ದರು, ಇಳಕಲ್ ಸೀರೆ, ತಲೆ ಮೇಲೆ ಸೆರಗು. ಗುಲಾಬಿ ಪಟ್ಟಿಯನ್ನು ಬೆರಳಲ್ಲಿ ಮುಟ್ಟಿ, ‘ಇದೇನ್ ಬರದಾರ್ರಿ ಬಾಯಿಯವರ?’ ಅಂತ ಕೇಳಿದರು.

‘ಚಂದ ನಗ್ತಾಳೆ ಅಂತ, ಅಮ್ಮಾ.’

‘ನಗೂದಕ್ಕ ಕೊಟ್ಟಾರೇನು? ಮತ್ತ ಅಷ್ಟೊತ್ತು ಮಾತಾಡ್ಸಿದ್ದ್ಯಾಕ?’

ಅದನ್ನೂ ಅನುವಾದಿಸಿ ಜಡ್ಜುಗಳಿಗೆ ಹೇಳಬೇಕಿತ್ತು. ಅವರು ಊಟಕ್ಕೆ ಹೋಗಿಯಾಗಿತ್ತು. ಗದಗದ ಕೊನೆ ಬಸ್ಸು ತಪ್ಪುತ್ತದೆ ಅಂತ ತಾಯಿ ಮಗಳು ಊಟಕ್ಕೂ ನಿಲ್ಲದೆ ಹೊರಟರು. ನಾಳೆ ಬೆಳಗ್ಗೆ ನಾಲ್ಕಕ್ಕೆ ಏಳಬೇಕಿತ್ತಲ್ಲ.