ದನಕ್ಕೆ ಪಳಗಿದ ಕೈ ಕುದುರೆ ಹತ್ತಿರ ಹೋದಾಗ

ಹಳ್ಳಿಯ ಪಶು ಆಸ್ಪತ್ರೆಯಲ್ಲಿ ನಮ್ಮ ಕೈ ಪಳಗುವುದು ದನಗಳ ಮೇಲೆ. ಕುದುರೆ ಬರುವುದು ಅಪರೂಪ. ಬಂದಾಗ ದನದ ಲೆಕ್ಕದಲ್ಲೇ ಮುಟ್ಟಿದರೆ ನಮಗಾದರೂ ಪೆಟ್ಟಾಗುತ್ತದೆ, ಇಲ್ಲ ಕುದುರೆಗೆ.

ದನ ಒಂದು ಹಿಂಗಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸಿ ಒದೆಯುತ್ತದೆ. ಕುದುರೆ ಹೆಚ್ಚಾಗಿ ನೇರ ಹಿಂದಕ್ಕೇ ಒದೆಯುತ್ತದೆ, ಎರಡೂ ಕಾಲೆತ್ತಿ. ಮಾತಾಡಿಸುತ್ತಾ ಅದರ ಎಡ ಭುಜದ ಕಡೆಯಿಂದ ಹೋಗಿ. ಹಳ್ಳಿಕಾರ್, ಅಮೃತಮಹಲ್ ಹೋರಿಗಳೂ ಸಿಡುಕಿನವೇ, ಆದರೂ ಮೂಗುದಾರ ಹಿಡಿದು ಕಂಬಕ್ಕೆ ಬಿಗಿದರೆ ನಿಲ್ಲುತ್ತವೆ. ಕುದುರೆಯನ್ನು ಹಾಗೆ ಬಿಗಿದರೆ ಗಾಬರಿಯಲ್ಲಿ ಹಿಂದಕ್ಕೆ ಜಗ್ಗಿ ಕುತ್ತಿಗೆಗೆ ಏಟು ಮಾಡಿಕೊಳ್ಳುತ್ತದೆ. ಹಗ್ಗವನ್ನು ಕಟ್ಟದೆ ಒಬ್ಬರು ಕೈಯಲ್ಲೇ ಹಿಡಿದಿರಲಿ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಮಂಪರಿನ ಸೂಜಿಗೆ. ಮಂಪರು ಬರಿಸುವ ಕ್ಸೈಲಜೀನ್ ಔಷಧಿ ದನಕ್ಕೆ ಕುದುರೆಯ ಪ್ರಮಾಣದ ಹತ್ತರಲ್ಲಿ ಒಂದು ಪಾಲು ಸಾಕು. 400 ಕಿಲೋ ಕುದುರೆಗೆ ಕಿಲೋಗೆ 1.1 ಮಿ.ಗ್ರಾಂನಂತೆ ಸುಮಾರು 440 ಮಿ.ಗ್ರಾಂ ರಕ್ತನಾಳಕ್ಕೆ ಹೋದರೆ, ಅಷ್ಟೇ ತೂಕದ ಹಸುವಿಗೆ ಮಾಂಸಖಂಡಕ್ಕೆ 40 ಮಿ.ಗ್ರಾಂ ಸಾಕಾಗುತ್ತದೆ. ಬಾಟಲಿಗಳು ಮಿ.ಲೀ.ಗೆ 20 ಮತ್ತು 100 ಮಿ.ಗ್ರಾಂ ಎರಡೂ ಸಾಂದ್ರತೆಯಲ್ಲಿ ಸಿಗುತ್ತವೆ. ಕುದುರೆಗೆಂದು 100ರ ಬಾಟಲಿಯಿಂದ ಎಳೆದ 4 ಮಿ.ಲೀ. ಹಸುವಿಗೆ ಹೋದರೆ ಅದು ಹತ್ತು ಪಟ್ಟು. ಸಿರಿಂಜ್ ತುಂಬುವ ಮೊದಲು ಲೇಬಲ್ಲನ್ನು ಗಟ್ಟಿಯಾಗಿ ಓದಿ. ತುಂಬುಗಬ್ಬದ ಹಸುವಿಗೆ ಇದು ಬೇಡವೇ ಬೇಡ, ಗರ್ಭಕೋಶ ಹಿಂಡಿಕೊಳ್ಳುತ್ತದೆ. ಮಂಪರು ಹತ್ತಿದ ಹಸು ಮಲಗಿಬಿಡುತ್ತದೆ. ಕುದುರೆ ತಲೆ ತಗ್ಗಿಸಿ ನಿಂತೇ ಇರುತ್ತದೆ, ಆ ಸ್ಥಿತಿಯಲ್ಲೂ ಗುರಿಯಿಟ್ಟು ಒದೆಯಬಲ್ಲದು.

ನೋವು ತೋರಿಸುವುದರಲ್ಲೂ ಎರಡರ ದಾರಿ ಬೇರೆ. ತಂತಿ ನುಂಗಿದ ಹಸು ಮೆಲುಕು ನಿಲ್ಲಿಸುತ್ತದೆ, ಹಾಲು ಇಳಿಯುತ್ತದೆ, ಬೆನ್ನು ಬಾಗಿಸಿ ಮೊಣಕೈ ಹೊರಚಾಚಿ ನಿಲ್ಲುತ್ತದೆ. ಇಷ್ಟರಲ್ಲೇ ನಾವು ಗುರುತಿಸಬೇಕು. ಹೊಟ್ಟೆನೋವಿನ ಕುದುರೆ ನೆಲ ಕೆರೆಯುತ್ತದೆ, ಪಕ್ಕೆ ತಿರುಗಿ ನೋಡುತ್ತದೆ, ಬೆವತು ಹೊರಳಾಡುತ್ತದೆ. ಕುದುರೆಗೆ ವಾಂತಿಯಾಗದು, ಹೊಟ್ಟೆ ತುಂಬಿ ಬಿಗಿದರೆ ಒಡೆದೇ ಹೋಗಬಹುದು. ದನಕ್ಕೆ ಗೊಟ್ಟದಲ್ಲಿ ಎಣ್ಣೆ ಹೊಯ್ದ ಅಭ್ಯಾಸವನ್ನು ಇಲ್ಲಿ ತರಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ, ತುಂಬಿದ್ದನ್ನು ಮೊದಲು ಹೊರತೆಗೆಯಬೇಕು. ದವಡೆಯಡಿ ನಾಡಿ ಹಿಡಿಯಿರಿ: ನಿಮಿಷಕ್ಕೆ 28ರಿಂದ 44 ಸಹಜ, 60 ದಾಟಿದರೆ ದೊಡ್ಡ ಆಸ್ಪತ್ರೆಗೆ ಕಳಿಸಲು ತಡಮಾಡಬೇಡಿ.

ಗಟ್ಟಿತನದಲ್ಲಿ ನನ್ನ ಮಟ್ಟಿಗೆ ದನವೇ ಮೇಲು. ಎಡ ಪಕ್ಕೆಗೆ ಮರಗಟ್ಟುವ ಸೂಜಿ ಕೊಟ್ಟು, ನಿಲ್ಲಿಸಿಕೊಂಡೇ, ಕೊಟ್ಟಿಗೆಯಲ್ಲೇ ಹೊಟ್ಟೆ ಕೊಯ್ದು ಹೊಲಿದರೂ ತಡೆದುಕೊಳ್ಳುತ್ತದೆ. ಹೊಟ್ಟೆಯೊಳಗಿನ ಸೋಂಕನ್ನು ಸುತ್ತುಗಟ್ಟಿ ಒಂದೆಡೆ ಅಡಗಿಸುವ ಶಕ್ತಿ ಅದಕ್ಕಿದೆ, ಕುದುರೆಗೆ ಅಷ್ಟಿಲ್ಲ. ಕಾಲು ಮುರಿದ ಕರು ಪಟ್ಟಿ ಹಾಕಿಸಿಕೊಂಡು ಮಲಗುತ್ತದೆ. ಕುದುರೆ ಹೆಚ್ಚು ಕಾಲ ಮಲಗಲಾರದು, ಒಳ್ಳೆಯ ಕಾಲಿನ ಮೇಲೆ ಭಾರ ಬಿದ್ದು ಆ ಗೊರಸೂ ಕೆಡುತ್ತದೆ.

ಧನುರ್ವಾಯುವಿಗೂ ಕುದುರೆ ಬಲು ಬೇಗ ಬಲಿಯಾಗುತ್ತದೆ. ಗೊರಸಿಗೆ ಮೊಳೆ ಚುಚ್ಚಿದ್ದು ಎಷ್ಟೇ ಚಿಕ್ಕದಾಗಿ ಕಂಡರೂ ರಂಧ್ರ ತೆರೆದು ತೊಳೆಯಿರಿ, ಟಿಟಿ (ಧನುರ್ವಾಯು ತಡೆಯುವ ಲಸಿಕೆ) ಯಾವಾಗ ಕೊಡಿಸಿದ್ದು ಎಂದು ಮಾಲೀಕರನ್ನು ಕೇಳಿ. ನೆನಪಿಲ್ಲ ಅಂದರೆ ಅಂದೇ ಸೂಜಿ ಹಾಕಿ.